ಎರಡು ಚೌಕಗಳ ಚೀಟಿ ಮತ್ತು ಒಂದು ಹಗ್ಗ

ಮಾನ್ಯ ಉಸ್ತುವಾರಿ ಅಧಿಕಾರಿಗಳೇ,

ನಮ್ಮೂರಿನ ಹೊಳೆ ಕಡಲು ಸೇರುವ ಅಳಿವೆ ಬಾಗಿಲಿಗೆ ಕಲ್ಲಿನ ತಡೆಗೋಡೆ ಬೇಕೋ ಬೇಡವೋ ಎಂದು ಜನರನ್ನು ಕೇಳಿ, ಅವರ ಚೀಟಿಗಳನ್ನು ಎಣಿಸಿ, ಫಲಿತಾಂಶವನ್ನು ಗೋಡೆಗೆ ಅಂಟಿಸಿ ತಾವು ಹೊರಟುಹೋದಿರಿ. ತಮ್ಮ ಮಟ್ಟಿಗೆ ಕೆಲಸ ಮುಗಿಯಿತು. ತಾವು ಹೋದ ಮೇಲೆ ಇಲ್ಲಿ ಏನಾಯಿತು ಎಂಬುದನ್ನು ತಿಳಿಸುವವರು ಯಾರೂ ಇಲ್ಲದ್ದರಿಂದ ನಾನು ಬರೆಯುತ್ತಿದ್ದೇನೆ. ನನ್ನ ದೂರು ಒಂದೇ. ತಮ್ಮ ಮತದಾನ ನಾನು ಕಲಿಸಿದ ಮಕ್ಕಳನ್ನು ಎರಡು ಪಾಲು ಮಾಡಿದೆ. ಮಳೆಗಾಲ ಹೊಸ್ತಿಲಿಗೆ ಬಂದಿದೆ. ನನಗೆ ಹೆದರಿಕೆಯಾಗುತ್ತಿದೆ.

ನಾನು ನಿವೃತ್ತ ದೈಹಿಕ ಶಿಕ್ಷಕಿ. ಹುಟ್ಟಿದ್ದು ಕಲ್ಯಾಣಪುರದಲ್ಲಿ, ಈಜು ಕಲಿತದ್ದು ಸ್ವರ್ಣಾ ನದಿಯಲ್ಲಿ, ಮದುವೆಯಾಗಿ ಬಂದದ್ದು ಕಾಪು ಮತ್ತು ಮಲ್ಪೆಯ ನಡುವಿನ ಈ ಸಣ್ಣ ತೀರಕ್ಕೆ. ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಊರಿನ ಹುಡುಗ ಹುಡುಗಿಯರಿಗೆ ಈಜು ಮತ್ತು ಜೀವರಕ್ಷಣೆ ಕಲಿಸುತ್ತೇನೆ. ಮಳೆಗಾಲದಲ್ಲಿ ಈ ಮಕ್ಕಳೇ ಅಳಿವೆಯ ಬಳಿ ಜೋಡಿ ಜೋಡಿಯಾಗಿ ಕಾವಲು ನಿಲ್ಲುತ್ತಾರೆ. ದೋಣಿ ಮಗುಚಿದರೆ ಒಬ್ಬರು ಸೊಂಟಕ್ಕೆ ಹಗ್ಗ ಬಿಗಿದು ನೀರಿಗೆ ಇಳಿಯಬೇಕು, ಇನ್ನೊಬ್ಬರು ದಡದಲ್ಲಿ ಆ ಹಗ್ಗ ಹಿಡಿದು ನಿಲ್ಲಬೇಕು. ಇಡೀ ವಿದ್ಯೆ ಇಷ್ಟೇ. ನೀರಿಗಿಳಿದವನಿಗೆ ಹಿಂತಿರುಗಿ ನೋಡಲು ಸಮಯವಿರುವುದಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಕೈ ಇದೆ ಎಂಬ ನಂಬಿಕೆಯಲ್ಲೇ ಅವನು ಈಜುತ್ತಾನೆ.

ತಮ್ಮ ಪ್ರಶ್ನೆ ಸಣ್ಣದಾಗಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ತಡೆಗೋಡೆ ಬೇಕು ಎಂದವರು ಮೋಟಾರು ದೋಣಿಯವರು. ಅಳಿವೆಯ ಮರಳದಿಬ್ಬಕ್ಕೆ ಬಡಿದು ಮುರಿದ ದೋಣಿಗಳನ್ನೂ ಹಿಂತಿರುಗದ ಗಂಡಸರನ್ನೂ ಅವರು ಕಂಡಿದ್ದಾರೆ. ಬೇಡ ಎಂದವರು ಕೈರಂಪಣಿಯವರು, ಎಂದರೆ ಬಲೆಯನ್ನು ಕಡಲಿಗೆ ಬಿಟ್ಟು ಅದರ ಎರಡು ಹಗ್ಗಗಳನ್ನು ದಡದಲ್ಲೇ ನಿಂತು ಎಳೆಯುವವರು. ಮತ್ತು ಬಡಗು ತೀರದಲ್ಲಿ ಮರಳಿನ ಮೇಲೆ ಮನೆ ಕಟ್ಟಿಕೊಂಡವರು. ಗೋಡೆ ಬಂದರೆ ಬಡಗಿನ ಮರಳನ್ನು ಕಡಲು ನುಂಗುತ್ತದೆ ಎಂಬುದು ಅವರ ಭಯ. ಒಬ್ಬರಿಗೆ ಜೀವದ ಭಯ, ಇನ್ನೊಬ್ಬರಿಗೆ ನೆಲದ ಭಯ. ಎರಡೂ ನಿಜವಾದ ಭಯಗಳೇ. ನಾನು ‘ಬೇಕು’ ಎಂದು ಗುರುತು ಹಾಕಿದೆ. ನನ್ನ ಶಿಷ್ಯ ನೆವಿಲ್ ಇದೇ ಅಳಿವೆಯಲ್ಲಿ ಮುಳುಗಿ ಹೋದವನು. ಅವನ ಮುಖವನ್ನು ಮರೆತು ಬೇರೆ ಚೌಕಕ್ಕೆ ಮುದ್ರೆ ಒತ್ತಲು ನನ್ನಿಂದ ಆಗಲಿಲ್ಲ. ಆದ್ದರಿಂದ, ಮಾನ್ಯರೇ, ಇದು ಸೋತವಳ ಗೋಳು ಎಂದು ಬದಿಗಿಡಬೇಡಿ. ನಾನು ತಮ್ಮ ಲೆಕ್ಕದಲ್ಲಿ ಗೆದ್ದವಳು.

ಮತದಾನಕ್ಕೆ ಮೊದಲು ಒಂದು ಭಾನುವಾರ ನನ್ನ ತಂಡದ ಇಬ್ಬರು ಹುಡುಗರು ಮರಳಿನ ಮೇಲೆ ಕೋಲಿನಿಂದ ಅಳಿವೆಯ ಚಿತ್ರ ಬರೆದು ವಾದಿಸುತ್ತಿದ್ದರು. ಜಿತೇಂದ್ರ ಮೋಟಾರು ದೋಣಿಯಲ್ಲಿ ದುಡಿಯುವವನು. ಡೀನ್ ಬಡಗು ತೀರದ ಆನಿಬಾಯಿಯ ಮಗ. ಅವರ ಮನೆಯ ಜಗಲಿಗೆ ಆಷಾಢದ ತೆರೆ ಈಗಲೇ ಬಂದು ಮುಟ್ಟುತ್ತದೆ. ಇಬ್ಬರೂ ಐದನೆಯ ತರಗತಿಯಿಂದ ಒಂದೇ ಜೋಡಿ. ಅವರು ತುಳುವಿನಲ್ಲಿ ಆಡಿದ ಮಾತನ್ನು ತಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ಗೋಡೆ ತೆಂಕಿಗೆ ಮಾತ್ರ ಸಾಕು ಮಾರಾಯ. ನಿನ್ನ ಮನೆ ಬದಿಗೆ ಎಂತಕ್ಕೆ?” ಎಂದ ಜಿತೇಂದ್ರ.

“ತೆಂಕಿಗೆ ಹಾಕಿದರೂ ನಮ್ಮ ಮರಳು ಹೋಗ್ತದೆ. ನೀವು ಅಳಿವೆಯಿಂದ ತೆಗೆಯುವ ಹೂಳು ಉಂಟಲ್ವಾ, ಅದನ್ನು ವರ್ಷ ವರ್ಷ ನಮ್ಮ ಬದಿಗೆ ತಂದು ಹಾಕ್ಬೇಕು.”

“ಹಾಕುವ. ಆದರೆ ನಿನ್ನ ಅಮ್ಮ ಮೀನಿನ ಕ್ರಯಕ್ಕೆ ಚರ್ಚೆ ಮಾಡುವುದು ನಿಲ್ಲಿಸ್ಬೇಕು.”

“ಅದು ಮಾತ್ರ ಸಾಧ್ಯ ಇಲ್ಲ. ಬೇರೆ ಎಂತ ಬೇಕಾದರೂ ಕೇಳು.”

ಅವರು ನಗುತ್ತಿದ್ದರು. ದೊಡ್ಡವರು ತಿಂಗಳುಗಟ್ಟಲೆ ಧ್ವನಿವರ್ಧಕ ಹಿಡಿದು ಕಂಡುಕೊಳ್ಳದ ದಾರಿಯನ್ನು ಇಬ್ಬರು ಹುಡುಗರು ಒದ್ದೆ ಚಡ್ಡಿಯಲ್ಲಿ ಕುಳಿತು ಕಂಡುಕೊಂಡಿದ್ದರು. ಅದು ತಾಂತ್ರಿಕವಾಗಿ ಸರಿಯೋ ಅಲ್ಲವೋ ನಾನು ಅರಿಯೆ. ಪರಿಶೀಲಿಸಲು ತಮ್ಮ ಬಳಿ ಎಂಜಿನಿಯರುಗಳಿದ್ದರು. ಅವರಿಬ್ಬರನ್ನೂ ಕರೆದುಕೊಂಡು ನಾನು ತಮ್ಮ ಕಚೇರಿಗೆ ಬಂದೆ. ತಾವು ಬಹಳ ಸೌಜನ್ಯದಿಂದ ಹೇಳಿದಿರಿ: “ಟೀಚರ್, ಚೀಟಿಯಲ್ಲಿ ಎರಡೇ ಚೌಕ ಇರುವುದು. ಮುದ್ರಣಕ್ಕೂ ಹೋಗಿ ಆಗಿದೆ.” ಮುದ್ರಣಾಲಯದ ಮುಂದೆ ಪ್ರಜಾಪ್ರಭುತ್ವ ಇಷ್ಟು ವಿಧೇಯವಾಗಿ ಕೈಕಟ್ಟಿ ನಿಲ್ಲುತ್ತದೆ ಎಂಬುದನ್ನು ಈ ಮಕ್ಕಳು ಅಂದು ಕಲಿತರು. ನಾನು ಅದನ್ನು ಅವರಿಗೆ ಕಲಿಸಿರಲಿಲ್ಲ.

‘ಬೇಕು’ ಗೆದ್ದಿತು, ಕೂದಲೆಳೆಯ ಅಂತರದಲ್ಲಿ. ತಾವು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪಾರದರ್ಶಕತೆಯ ಮೇಲಿನ ಅತಿಪ್ರೀತಿಯಿಂದ ಕೇರಿ ಕೇರಿಯ ಮತಗಳನ್ನು ಬೇರೆ ಬೇರೆಯಾಗಿ ಬರೆದು ಅಂಟಿಸಿದಿರಿ. ಅಂದು ಸಂಜೆಯೇ ಪಟಾಕಿ ಹಿಡಿದುಕೊಂಡು ಹೊರಟವರಿಗೆ ಯಾವ ಅಂಗಳದ ಮುಂದೆ ಹೊಡೆಯಬೇಕು ಎಂಬುದು ಕಷ್ಟವಿಲ್ಲದೆ ತಿಳಿಯಿತು. ನಮ್ಮ ಕರಾವಳಿಗೆ ಗೆರೆಗಳು ಹೊಸತಲ್ಲ. ಜಾತಿಯ ಗೆರೆ, ಧರ್ಮದ ಗೆರೆ, ಇವು ಎಲ್ಲಿವೆಯೆಂದು ನಮಗೆ ಗೊತ್ತಿತ್ತು. ಎಲ್ಲಿ ಹಗುರವಾಗಿ ಹೆಜ್ಜೆಯಿಡಬೇಕು ಎಂಬುದೂ ಗೊತ್ತಿತ್ತು. ಈ ಗೆರೆ ಹೊಸತು. ಒಂದೇ ದೈವಕ್ಕೆ ನಡೆದುಕೊಳ್ಳುವ ಅಣ್ಣತಮ್ಮಂದಿರ ನಡುವೆ, ಒಂದೇ ಇಗರ್ಜಿಯ ಒಂದೇ ಬೆಂಚಿನ ನಡುವೆ ಹಾದುಹೋದ ಗೆರೆ. ಇದರ ಮೇಲೆ ಹೇಗೆ ನಡೆಯಬೇಕೆಂದು ನಮ್ಮ ಹಿರಿಯರು ಯಾರೂ ಹೇಳಿಕೊಟ್ಟಿಲ್ಲ.

ಇನ್ನು ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಎಳೆದ ಬಲೆಯ ವಿಷಯ. ಕೈರಂಪಣಿಯಲ್ಲಿ ಬಡಗಿನ ಹಗ್ಗಕ್ಕೊಂದು ಗುಂಪು, ತೆಂಕಿನ ಹಗ್ಗಕ್ಕೊಂದು ಗುಂಪು. ಎರಡೂ ಗುಂಪು ಸಮನಾಗಿ ಎಳೆಯುತ್ತಾ ಒಬ್ಬರ ಕಡೆಗೆ ಒಬ್ಬರು ನಡೆದುಬರಬೇಕು. ಹಗ್ಗ ಮುಟ್ಟಿದವರಿಗೆಲ್ಲ ಮೀನಿನ ಪಾಲು ಉಂಟು, ದಾರಿಹೋಕನಾದರೂ ಸರಿ. ಹಗ್ಗ ಹಿಡಿದ ಮೇಲೆ ಜಗಳವಿಲ್ಲ ಎಂಬುದು ಇಲ್ಲಿಯ ಕಟ್ಟುಪಾಡು. ಆಸ್ತಿಗಾಗಿ ನ್ಯಾಯಾಲಯಕ್ಕೆ ಹೋದವರೂ ಇಲ್ಲಿ ಹೆಗಲಿಗೆ ಹೆಗಲು ಕೊಟ್ಟು ಎಳೆದದ್ದನ್ನು ನಾನು ನೋಡಿದ್ದೇನೆ.

ಬಲೆಯ ಯಜಮಾನ ಚೆನ್ನಪ್ಪಣ್ಣ, ‘ಬೇಡ’ದ ಪಕ್ಷದವರು. ಅವರ ಮಗಳು ಹರ್ಷಿಣಿ ನನ್ನ ತಂಡದ ಅತ್ಯುತ್ತಮ ಈಜುಗಾರ್ತಿ. ಬಲೆ ಕಲ್ಲಿಗೆ ಸಿಕ್ಕಿದರೆ ಬಿಡಿಸಲು ಒಬ್ಬರು ಬಲೆಯ ಹಿಂದೆ ಈಜುತ್ತಾ ಬರಬೇಕು. ಅಂದು ಅವಳು ನೀರಿನಲ್ಲಿದ್ದಳು. ತೆಂಕಿನ ಹಗ್ಗಕ್ಕೆ ದೋಣಿಯವರು ನಿಂತರು, ಬಡಗಿನದಕ್ಕೆ ತೀರದವರು. ಹಾಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ತಮ್ಮ ಕೇರಿವಾರು ಪಟ್ಟಿ ತಾನಾಗಿಯೇ ಮರಳಿನ ಮೇಲೆ ಬಂದು ನಿಂತಿತ್ತು. ಎಳೆತ ಸಮವಾಗಿರಲಿಲ್ಲ. ತೆಂಕಿನವರು ಪಂದ್ಯದಂತೆ ಎಳೆದರು. ಬಡಗಿನವರಲ್ಲೊಬ್ಬ ಕೂಗಿದ:

“ಸ್ವಲ್ಪ ನಿಧಾನ ಮಾರಾಯ್ರೇ! ಬಲೆ ಓರೆ ಬರ್ತಾ ಉಂಟು!”

“ಗೆದ್ದವರ ಕೈ ಹಾಗೇ. ನಿಮಗೆ ಆಗದಿದ್ದರೆ ಹೊಂದಿಕೊಳ್ಳಿ. ಸಾಹೇಬರೇ ಹೇಳಿದ್ದಾರಲ್ವಾ!”

ತೆಂಕಿನವರೆಲ್ಲ ನಕ್ಕರು. ‘ಸೋತ ಪಕ್ಷದವರು ಬಹುಮತಕ್ಕೆ ಹೊಂದಿಕೊಂಡು ಸಹಕರಿಸತಕ್ಕದ್ದು’ ಎಂಬ ತಮ್ಮ ಪ್ರಕಟಣೆಯ ವಾಕ್ಯ ಅದು, ಮಾನ್ಯರೇ. ಕಡಲದಂಡೆಯಲ್ಲಿ ಅದಕ್ಕೆ ಯಾವ ದನಿ ಬರುತ್ತದೆ ಎಂಬುದು ತಮಗೆ ತಿಳಿದಿರಲಿ.

“ಹಾಗಾದರೆ ನೀವೇ ಎಳೆಯಿರಿ!” ಎಂದು ಬಡಗಿನ ಮುಂದಾಳು ಕೈ ಬಿಟ್ಟ. ಅವನ ಹಿಂದಿನವರೂ ಬಿಟ್ಟರು. ಡೀನ್ ಕೂಡ ಬಿಟ್ಟ. ಅವರದೇ ಬಲೆಯ ಯಜಮಾನನ ಮಗಳು ನೀರಿನಲ್ಲಿದ್ದಾಳೆ ಎಂಬುದು ಆ ಕ್ಷಣದಲ್ಲಿ ಅವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಬಲೆ ಒಮ್ಮೆಲೇ ತೆಂಕಿಗೆ ತಿರುಗಿತು. ಸಡಿಲಾದ ಹಗ್ಗ ಹರ್ಷಿಣಿಯ ಕಾಲಿಗೆ ಸುತ್ತಿಕೊಂಡಿತು. ಅವಳ ತಲೆ ಒಮ್ಮೆ ಕಂಡಿತು, ಮತ್ತೊಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ.

ಅವಳಿಗೆ ಅತಿ ಹತ್ತಿರವಿದ್ದವನು ಜಿತೇಂದ್ರ. ಅವನು ನೀರಿಗೆ ಹಾರಿದ. ಆದರೆ ಹಾರುವ ಮೊದಲು ತಿರುಗಿ ತನ್ನ ದೋಣಿಯ ಯಜಮಾನನ ಮುಖ ನೋಡಿದ. ರೆಪ್ಪೆ ಮಿಟುಕುವಷ್ಟು ಹೊತ್ತು. ಬೇರೆ ಯಾರಿಗೂ ಅದು ಕಾಣಿಸಿರಲಿಕ್ಕಿಲ್ಲ. ನಾನು ಕಲಿಸಿದವಳು, ನನಗೆ ಕಂಡಿತು. ಡೀನನಿಗೂ ಕಂಡಿತು. ಮುಳುಗುತ್ತಿರುವವರು ಯಾರ ಕಡೆಯವರು ಎಂದು ಕೇಳಬಾರದು ಎಂಬುದು ನನ್ನ ಮೊದಲ ಪಾಠ. ಆ ಹುಡುಗ ಅದನ್ನು ಬಾಯಿಪಾಠವಾಗಿ ಅಲ್ಲ, ಮೈಯಿಂದ ಕಲಿತವನು. ಅಂಥವನಿಗೂ ಅಪ್ಪಣೆ ಬೇಕಾಯಿತು.

ಜಿತೇಂದ್ರ ದಡಕ್ಕೆ ಎಳೆದು ತಂದ ಹರ್ಷಿಣಿ ಬದುಕಿದ್ದಾಳೆ. ಮಣಿಪಾಲದಲ್ಲಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾಳೆ. ಕಿಟಕಿಯಿಂದ ಕಡಲು ಕಾಣಬಾರದೆಂದು ಹಾಸಿಗೆಯನ್ನು ಒಳಗಿನ ಕೋಣೆಗೆ ಹಾಕಿಸಿಕೊಂಡಿದ್ದಾಳೆ. ಚೆನ್ನಪ್ಪಣ್ಣ ಯಾರನ್ನೂ ಬಯ್ಯಲಿಲ್ಲ. ಬಲೆಯನ್ನು ಮಡಚಿಟ್ಟರು, ಅಷ್ಟೇ. ಬೈಗುಳ ಕೇಳಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಕಳೆದ ಭಾನುವಾರ ಮಳೆಗಾಲದ ಕಾವಲಿಗೆ ಜೋಡಿಗಳನ್ನು ಹೇಳಲು ನಿಂತೆ. ಎಂದಿನಂತೆ ಜಿತೇಂದ್ರ ಮತ್ತು ಡೀನ್ ಎಂದೆ. ಜಿತೇಂದ್ರ ನೆಲ ನೋಡುತ್ತಾ ಹೇಳಿದ: “ನಾನು ನೀರಿಗೆ ಇಳಿಯುತ್ತೇನೆ ಟೀಚರ್. ಆದರೆ ಹಗ್ಗ ಅವನ ಕೈಯಲ್ಲಿ ಬೇಡ. ಅವನು ಬಿಟ್ಟವ.”

ಡೀನ್ ತಟ್ಟನೆ ಎಂದ: “ಅವನು ಇಳಿಯುವ ಮೊದಲು ಯಾರ ಮುಖ ನೋಡಿದ್ದು, ಅದನ್ನೂ ಕೇಳಿ ಟೀಚರ್.”

ಇಬ್ಬರ ಮಾತೂ ನಿಜವಾಗಿತ್ತು. ನಾನು ಮುಂದಿನ ಜೋಡಿಯ ಹೆಸರು ಹೇಳಿದೆ.

ಇನ್ನು ಎರಡೂ ಕಡೆಯ ಮತದಾರರು ರಾಜಿಯಾಗುವ ವಿಷಯ. ಸೋತವರು ಹೊಂದಿಕೊಳ್ಳಬೇಕು ಎಂದು ತಾವು ಬರೆದಿರಿ. ಒಬ್ಬರೇ ಹೊಂದಿಕೊಂಡರೆ ಅದಕ್ಕೆ ರಾಜಿ ಎನ್ನುತ್ತಾರೆಯೇ? ಅದಕ್ಕೆ ಶರಣಾಗತಿ ಎಂಬ ಬೇರೆ ಪದವಿದೆ. ಪದಗಳನ್ನು ತೂಗಿ ಬಳಸುವ ಕಚೇರಿಗೆ ಅದು ತಿಳಿದಿರಬೇಕು. ನನ್ನ ಅಕ್ಕನ ಮಗಳು ಕ್ಯಾರಲ್ ಇಂಗ್ಲೆಂಡಿನಲ್ಲಿ ನರ್ಸ್. ಆ ದೇಶವೂ ಒಮ್ಮೆ ಇಡೀ ರಾಷ್ಟ್ರವನ್ನು ನಿಲ್ಲಿಸಿ, ನೆರೆದೇಶಗಳ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಕೇಳಿತ್ತು. ಅವಳ ವಾರ್ಡಿನಲ್ಲಿ ಎಷ್ಟೋ ವರ್ಷದಿಂದ ಜೊತೆಗೆ ಚಹಾ ಕುಡಿಯುತ್ತಿದ್ದ ಇಬ್ಬರು ಹೆಂಗಸರು ಆ ಮತದಾನದ ನಂತರ ಬೇರೆ ಬೇರೆ ಹೊತ್ತಿಗೆ ಕುಡಿಯತೊಡಗಿದರಂತೆ. “ಫಲಿತಾಂಶದ ಬಗ್ಗೆ ಈಗ ಅಲ್ಲಿ ಯಾರೂ ಮಾತಾಡುವುದಿಲ್ಲ ಆಂಟಿ. ಆದರೆ ಚಹಾ ಈಗಲೂ ಬೇರೆ ಬೇರೆಯೇ” ಎಂದಳು. ದೊಡ್ಡ ದೇಶಕ್ಕೆ ಅಂಥ ಐಷಾರಾಮ ಇರಬಹುದು. ಬೇರೆ ಬೇರೆ ಚಹಾ ಕುಡಿದು ಬದುಕಬಹುದು. ಬೇರೆ ಬೇರೆ ಹಗ್ಗ ಹಿಡಿದು ನಾವು ಬದುಕಲಾರೆವು.

ಹಾಗೆಂದು ಫಲಿತಾಂಶವನ್ನು ಹರಿದುಹಾಕಿ ಎಂದು ನಾನು ಕೇಳುತ್ತಿಲ್ಲ. ಬಹುಮತ ಬಹುಮತವೇ, ದೋಣಿಯವರ ಸತ್ತವರೂ ಸತ್ತವರೇ. ಗೋಡೆ ಬರಲಿ. ಆದರೆ ಗೆಲುವು ನಮಗೆ ಗೋಡೆಯನ್ನು ಕೊಟ್ಟಿತೇ ಹೊರತು ಡೀನನ ಜಗಲಿಯನ್ನು ಕೊಡಲಿಲ್ಲ. ಗೋಡೆ ಎಲ್ಲಿ, ಎಷ್ಟು ಉದ್ದ, ಹೂಳು ಎಲ್ಲಿಗೆ, ಬಲೆ ಎಳೆಯಲು ಎಷ್ಟು ಮರಳು ಉಳಿಯಬೇಕು, ಇವುಗಳಲ್ಲಿ ಒಂದನ್ನೂ ತಮ್ಮ ಚೀಟಿ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಬಹುಮತ ಹೇಗೆ ಬರುತ್ತದೆ? ರಾಜಿಗೆ ಜಾಗವಿರುವುದು ಅಲ್ಲಿಯೇ. ಅಲ್ಲಿ ಮೊದಲ ಹೆಜ್ಜೆ ಗೆದ್ದವರದ್ದಾಗಬೇಕು, ಏಕೆಂದರೆ ಹೆಜ್ಜೆಯಿಡಲು ನೆಲ ಉಳಿದಿರುವುದು ಅವರ ಬಳಿ. ನಾವು ಗೆದ್ದವರು ಆ ಹೆಜ್ಜೆಯಿಡದೆ ಮುಯ್ಯಿಗೆ ಮುಯ್ಯಿ ಎಂದು ನಿಂತರೆ, ಮುಂದಿನ ಸಲ ನಮ್ಮ ಮಕ್ಕಳು ಮುಳುಗುವಾಗ ದಡದಲ್ಲಿ ನಿಂತವರು ಯಾರ ಮುಖ ನೋಡಬೇಕು?

ಕಾರ್ಕಳದ ಕಡೆಯಿಂದ ಕಲ್ಲಿನ ಲಾರಿಗಳು ಬರತೊಡಗಿವೆ. ಶಿಲಾನ್ಯಾಸದ ಚಪ್ಪರಕ್ಕೆ ಕಂಬ ನೆಟ್ಟಾಗಿದೆ. ಮೆರವಣಿಗೆ ಬಡಗಿನ ಕೇರಿಯ ಮೂಲಕವೇ ಬರಲಿದೆಯಂತೆ. ನನ್ನ ಬೇಡಿಕೆ ಇಷ್ಟು. ಆ ಮೆರವಣಿಗೆಯನ್ನು ನಿಲ್ಲಿಸಿ. ತಾವು ಅಂಟಿಸಿದ ಕೇರಿವಾರು ಪಟ್ಟಿಯನ್ನು ಕೀಳಿಸಿ. ಮೊದಲ ಕಲ್ಲು ನೀರಿಗೆ ಬೀಳುವ ಮೊದಲು ತಮ್ಮ ಎಂಜಿನಿಯರುಗಳೊಂದಿಗೆ ಬಂದು, ವೇದಿಕೆಯ ಮೇಲಲ್ಲ, ಮರಳಿನ ಮೇಲೆ ಎರಡೂ ಕಡೆಯವರೊಂದಿಗೆ ಕುಳಿತುಕೊಳ್ಳಿ. ಆ ಇಬ್ಬರು ಹುಡುಗರು ಬರೆದ ಚಿತ್ರವನ್ನು ಅವರ ಕೈಯಿಂದಲೇ ಮತ್ತೆ ಬರೆಸಿ ನೋಡಿ. ಚೆನ್ನಪ್ಪಣ್ಣನ ಮನೆಗೆ ನಾನು ಹೋಗಿ ಕೇಳಿದ್ದೇನೆ. ಸಾಹೇಬರು ಬಂದರೆ ಬಲೆ ಬಿಚ್ಚುತ್ತೀರಾ ಎಂದೆ. “ಬರಲಿ. ಹಗ್ಗ ಮುಟ್ಟಿದರೆ ಅವರಿಗೂ ಪಾಲು ಉಂಟು” ಎಂದರು. ಒಳಗಿನ ಕೋಣೆಯಿಂದ ಹರ್ಷಿಣಿ, “ಯಾವ ತುದಿ ಹಿಡಿಯುತ್ತಾರೆ ಅಂತ ಕೇಳಿ ಟೀಚರ್” ಎಂದಳು. ಅವಳ ಪ್ರಶ್ನೆಯನ್ನು ತಮಗೆ ದಾಟಿಸಿದ್ದೇನೆ.

ಜೋಡಿಯನ್ನು ನಾನು ಬದಲಿಸಿಲ್ಲ. ಮೊದಲ ಮಳೆಯ ಕಾವಲಿಗೆ ಜಿತೇಂದ್ರ ಮತ್ತು ಡೀನ್ ಎಂದೇ ಇದೆ. ಆ ಭಾನುವಾರದ ನಂತರ ಇಬ್ಬರೂ ಆಗುವುದಿಲ್ಲ ಎಂದಿಲ್ಲ, ಆಗುತ್ತದೆ ಎಂದೂ ಇಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ತಾವು ಬರುವುದಾದರೆ ಅದಕ್ಕಿಂತ ಮೊದಲು ಬನ್ನಿ.

ಇಂತಿ,
ಗೆದ್ದ ಚೌಕಕ್ಕೆ ಮುದ್ರೆಯೊತ್ತಿ, ಹಗ್ಗದ ಎರಡೂ ತುದಿಗೆ ಶಿಷ್ಯರನ್ನು ನಿಲ್ಲಿಸಿ, ನಡುವೆ ನೀರು ನೋಡುತ್ತಾ ನಿಂತಿರುವ
ಆನ್ಸಿಲ್ಲಾ ಟೀಚರ್