ಒರೆಸಿ ಕೊಟ್ಟ ಸೊಳ್ಳೆಗಳು

ಪ್ರೀತಿಯ ಮಾವ,

ಫೋನಿನಲ್ಲಿ ಹೇಳಲು ಹೋದರೆ ನೀವು "ಆಯ್ತಮ್ಮ, ಆಯ್ತಮ್ಮ" ಎಂದು ಅತ್ತೆಯ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಇದನ್ನು ಯಾರಿಗೂ ದಾಟಿಸದೆ ನೀವೇ ಕೂತು ಓದಬೇಕು. ಮೊದಲು ಸಿಹಿ ಸುದ್ದಿ: ನಿಮ್ಮ ತೊಟ್ಟಿ ಉಳಿಯಿತು. ಅದನ್ನು ಒಡೆಸುವುದಿಲ್ಲ ಎಂದು ಆರೋಗ್ಯ ಇಲಾಖೆಯ ಸಾಹೇಬರು ಇವತ್ತು ನನ್ನೆದುರೇ ಹೇಳಿದರು. ಮೀನುಗಳಿಗೆ ಒಂದು ಹಿಡಿ ಹೆಚ್ಚಿಗೆ ಹಾಕಲು ಅತ್ತೆಗೆ ಹೇಳಿ.

ಆ ತೊಟ್ಟಿ ನಿಮಗೆ ಏನೆಂದು ನನಗೆ ಗೊತ್ತು. ಲಾಂಡ್ರಿ ಮುಚ್ಚಿದಾಗ ಇಸ್ತ್ರಿಪೆಟ್ಟಿಗೆ, ಮೇಜು, ಬೋರ್ಡು ಎಲ್ಲವನ್ನೂ ಯಾರುಯಾರಿಗೋ ಕೊಟ್ಟ ನೀವು, ಬಟ್ಟೆ ನೆನೆಸುವ ತೊಟ್ಟಿಯನ್ನು ಮಾತ್ರ ಆಳುಗಳಿಂದ ಹೊರಿಸಿ ಮಹಡಿಯ ಮೇಲೆ ಇರಿಸಿಕೊಂಡಿರಿ. ನೀರಿನಲ್ಲಿ ಕೈಯಾಡಿಸದಿದ್ದರೆ ನಿಮಗೆ ಹೊತ್ತೇ ಹೋಗದು. ಅತ್ತೆಯೋ, ಅದರ ಮೀನುಗಳಿಗೆ ಹಳೆಯ ಗಿರಾಕಿಗಳ ಹೆಸರಿಟ್ಟು, "ಡಾಕ್ಟ್ರು ಇವತ್ತು ಊಟಕ್ಕೇ ಬರಲಿಲ್ಲ" ಎಂದು ಚಿಂತೆ ಮಾಡುತ್ತಾರೆ. ಬೀದಿಯಲ್ಲಿ ಜ್ವರ ಹಬ್ಬಿದಾಗ ಎಲ್ಲರ ಕಣ್ಣೂ ಆ ತೊಟ್ಟಿಯ ಮೇಲೇ ಬಿತ್ತು. ನಿಮ್ಮ ಮನೆಯ ಸೊಳ್ಳೆಗಳನ್ನು ಹಿಡಿದು ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಕೊಡಬೇಕು, ಜ್ವರ ಹರಡುವ ಜಾತಿಯದು ಒಂದು ಸಿಕ್ಕಿದರೂ ತೊಟ್ಟಿ ಒಡೆಸುವುದೇ ಸೈ ಎಂದು ಸಾಹೇಬರು ಹೇಳಿ ಹೋದರು.

ಅವತ್ತು ಸಂಜೆ ನೀವು ಶರ್ಟಿನ ಗುಂಡಿಗಳ ಡಬ್ಬಿಯಲ್ಲಿ ಹತ್ತಿ ಹಾಸಿ, ಸೊಳ್ಳೆಗಳನ್ನು ಸಾಲಾಗಿ ಮಲಗಿಸಿ ನಮ್ಮ ಮನೆಗೆ ತಂದುಕೊಟ್ಟಿರಿ. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ, ಎಲ್ಲವೂ ಬೋಳು! ಜ್ವರದ ಸೊಳ್ಳೆಯ ಕಾಲಿಗೆ ಬಿಳಿ ಪಟ್ಟೆಗಳಿರುತ್ತವೆ. ಆ ಪಟ್ಟೆಗಳು ಚಿಟ್ಟೆಯ ರೆಕ್ಕೆಯ ಪುಡಿಯ ಹಾಗೆ, ಉಜ್ಜಿದರೆ ಉದುರಿಹೋಗುತ್ತವೆ. ನೀವು ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಿರಿ. ಕೇಳಿದರೆ, "ಆಫೀಸಿಗೆ ಹೋಗೋ ಸಾಮಾನು, ಕೊಳಕಾಗಿ ಹೇಗಮ್ಮ ಕೊಡೋದು?" ಎಂದಿರಿ. ಇಡೀ ಪ್ರಯೋಗಾಲಯ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಕ್ಷಮಿಸಿ.

ಆದರೆ ನೀವು ಒರೆಸಿದ್ದು ಮೇಲಿನದನ್ನು ಮಾತ್ರ. ಮೈಯೊಳಗಿನ ಪ್ರೋಟೀನು ಹಾಗೇ ಇತ್ತು. ಒಂದು ಕಾಲು ಸಾಕು, ಮಾವ. ಅದನ್ನು ಆಮ್ಲದಲ್ಲಿ ಅರೆದು, ಒಂದು ಹನಿಯನ್ನು ಉಕ್ಕಿನ ತಟ್ಟೆಯ ಮೇಲಿಟ್ಟು ಯಂತ್ರಕ್ಕೆ ಕೊಟ್ಟರೆ ಲೇಸರ್ ಬೆಳಕು ಬೀಳುತ್ತದೆ, ಪರದೆಯ ಮೇಲೆ ಉದ್ದ ಗಿಡ್ಡ ಗೆರೆಗಳು ಏಳುತ್ತವೆ. ಒಂದೊಂದು ಜಾತಿಗೆ ಒಂದೊಂದು ಬಗೆಯ ಸಾಲು. ನಮ್ಮಲ್ಲಿರುವ ಗುರುತಿನ ಸಾಲುಗಳ ಜೊತೆ ಹೋಲಿಸಿದರೆ ಸೊಳ್ಳೆ ತನ್ನ ಹೆಸರು ತಾನೇ ಹೇಳುತ್ತದೆ. ನಿಮ್ಮವೆಲ್ಲ ಚರಂಡಿಯ ಸೊಳ್ಳೆಗಳು, ಈ ಜ್ವರಕ್ಕೂ ಅವಕ್ಕೂ ಸಂಬಂಧವಿಲ್ಲ. ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಕೊನೆಯ ಸೊಳ್ಳೆಯ ಗೆರೆಗಳು ಬಂದವು. ಜ್ವರದ್ದೇ.

ಅದನ್ನು ಎಲ್ಲಿ ಹಿಡಿದಿರಿ ಎಂದು ಫೋನು ಮಾಡಿದರೆ, "ನೆನಪಿಲ್ಲ ಕಣಮ್ಮ. ತೊಟ್ಟಿ ಹೋದ್ರೆ ಹೋಗ್ಲಿ ಬಿಡು" ಎಂದಿರಿ. ಒಂದೊಂದು ಶರ್ಟು ಯಾರದೆಂದು ಇಂದಿಗೂ ಹೇಳಬಲ್ಲ ನಿಮಗೆ, ಮೊನ್ನೆಯ ಸೊಳ್ಳೆ ನೆನಪಿಲ್ಲವೇ?

ಬಾಯಿ ಬಿಟ್ಟವರು ನಿಮ್ಮ ಮಗ. ನಾನು ಅಡುಗೆಮನೆಯಲ್ಲಿದ್ದಾಗ ನಮ್ಮ ಸೋಫಾದ ಮೇಲೆ ಕೂತು ನೀವೊಂದು ಸೊಳ್ಳೆ ಹೊಡೆದಿರಂತೆ. ಎಲ್ಲಿ ಬಿಸಾಡುವುದೆಂದು ತಿಳಿಯದೆ, ಕರವಸ್ತ್ರದಿಂದ ಅದನ್ನೂ ಒರೆಸಿ ಆ ಡಬ್ಬಿಯಲ್ಲೇ ಮಲಗಿಸಿ, ಬೆರಳು ತುಟಿಗಿಟ್ಟು ಅವರಿಗೆ ಹೇಳಿದಿರಂತೆ: "ಸುಮ್ನಿರೋ. ಸೊಳ್ಳೆ ವಿಷ್ಯ ಓದಿದೋಳ ಮನೇಲೇ ಸೊಳ್ಳೆ ಅಂದ್ರೆ ಅವಳು ನೊಂದ್ಕೋತಾಳೆ."

ನಾನು ಅಲ್ಲೇ ನೆಲದ ಮೇಲೆ ಕೂತು ನಕ್ಕೆ, ಕಣ್ಣೀರೂ ಹಾಕಿದೆ. ಆಮೇಲೆ ಬಾಲ್ಕನಿಗೆ ಹೋಗಿ ಹೂಕುಂಡಗಳನ್ನು ಎತ್ತಿ ನೋಡಿದೆ. ಕೆಳಗಿನ ತಟ್ಟೆಗಳಲ್ಲಿ ತಿಳಿನೀರು, ಅದರ ತುಂಬ ಪಿಳಿಪಿಳಿ ಈಜುವ ಸೊಳ್ಳೆಮರಿಗಳು. ಅವನ್ನೂ ಯಂತ್ರಕ್ಕೆ ಕೊಟ್ಟೆ. ಅದೇ ಜಾತಿ. ಇದನ್ನೆಲ್ಲ ನಾನೇ ಸಾಹೇಬರಿಗೆ ಹೇಳಿದೆ. ನಿಮ್ಮ ತೊಟ್ಟಿಯಲ್ಲಿ ಸಾಹೇಬರು ಎಷ್ಟು ಜಾಲಾಡಿದರೂ ಒಂದು ಮರಿಯೂ ಸಿಗಲಿಲ್ಲ, ಡಾಕ್ಟ್ರು ಮತ್ತು ಬಳಗ ಎಲ್ಲವನ್ನೂ ನುಂಗಿ ನೀರು ಕುಡಿದಿದ್ದರು. ಈಗ ಸಾಹೇಬರು ನಿಮ್ಮ ಮನೆಯ ಹಿಂದಿನ ಚರಂಡಿಯ ಹೂಳು ತೆಗೆಸುತ್ತಿದ್ದಾರೆ, ನಿಮ್ಮ ಬೀದಿ, ನಮ್ಮ ಬೀದಿ ಎರಡರ ಬಾಲ್ಕನಿಗಳನ್ನೂ ನೋಡಿಸುತ್ತಿದ್ದಾರೆ. ನನಗೆ ಹೂಕುಂಡಗಳ ಬಗ್ಗೆ ಚೆನ್ನಾಗಿ ಪಾಠವನ್ನೂ ಮಾಡಿದರು. ಕೈಕಟ್ಟಿ ಕೇಳಿಸಿಕೊಂಡೆ.

ಮಾವ, ನನ್ನ ಮುಖ ಸಪ್ಪಗಾಗದಿರಲಿ ಎಂದು ನೀವು ಆ ತೊಟ್ಟಿಯನ್ನೇ ಬಿಟ್ಟುಕೊಡಲು ಹೊರಟಿರಲ್ಲ. ನಿಮ್ಮ ಸೊಸೆಯಾಗಿ ಬಂದ ಮೇಲೆ ನನಗೆ ಇಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಿಲ್ಲ. ಆದರೆ ನಾನು ನಿಮ್ಮ ಗಿರಾಕಿಯಲ್ಲ. ಇನ್ನು ಮುಂದೆ ನಮ್ಮ ಮನೆಯಲ್ಲಿ ಸೊಳ್ಳೆ ಹೊಡೆದರೆ ನನ್ನನ್ನು ಕೂಗಿ ಕರೆದು, ಒರೆಸದೆ ಹಾಗೇ ಕೈಗೆ ಕೊಡಿ.

ನಿಮ್ಮ ತೊಟ್ಟಿಯ ನೀರು ತಿಳಿಯಾಗಿರಲಿ, ಡಾಕ್ಟ್ರಿಗೆ ಹಸಿವು ಹೆಚ್ಚಲಿ.

ನಿಮ್ಮ ಮಹಡಿಗೆ ಒಪ್ಪಿಸಲು ಭಾನುವಾರ ಹೂಕುಂಡಗಳ ಸಮೇತ ಬರುವ,
ನಿಮ್ಮ ಸೊಸೆ