ಊಟದ ಕೋಣೆಯ ಇಂಜಿನ್

ಮನೆಯಿಂದ,
ಭಾನುವಾರ, ತಿಂಡಿ ಮುಗಿದ ಮೇಲೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಈಗ ಹೇಗಿದೆ? ಅಕ್ಕನ ಮನೆ ಮೆಟ್ಟಿಲು ಹತ್ತಿ ಇಳಿದು ಜಾಸ್ತಿ ಮಾಡಿಕೊಂಡಿರುತ್ತೀಯ, ಕೇಳಿದರೆ ಏನೂ ಇಲ್ಲ ಅನ್ನುತ್ತೀಯ. ಅಕ್ಕನಿಗೆ ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯೇ? ಪಾಪು ಮೊದಲ ವಾರ ಭಾವನ ಹಾಗಿತ್ತು, ಆಮೇಲೆ ನಿನ್ನ ಹಾಗಾಯಿತು, ಈಗ ಯಾರ ಹಾಗಿದೆ? ಫೋನ್ ಇರುವಾಗ ಇವಳಿಗೇಕೆ ಪತ್ರದ ಹುಚ್ಚು ಅಂತ ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನ್ ಮಾಡುವಾಗ ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ, ಅದೊಂದು. ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ಮನೆಗೆ ಪತ್ರ ಬರೆಸಿ ಬರೆಸಿ, ಟೆನ್ಷನ್ ಆದರೆ ಕೈ ತಾನಾಗಿಯೇ ಕಾಗದ ಹುಡುಕುತ್ತದೆ, ಅದು ಇನ್ನೊಂದು. ನನ್ನ ಕನ್ನಡ ಓದಿ ನಗಬೇಡ. ನಕ್ಕರೂ ಅಕ್ಕನಿಗೆ ಜೋರಾಗಿ ಓದಿ ಹೇಳಬೇಡ.

ಅಮ್ಮಾ, ಕಾರು ಇನ್ನೂ ಮನೆಯಲ್ಲೇ ಇದೆ. ನೀನು ಹೊರಡುವಾಗ ಗೇಟಿನ ಹತ್ತಿರ ನನ್ನ ಕೈ ಹಿಡಿದು, "ನಾನು ವಾಪಸ್ ಬರೋದ್ರೊಳಗೆ ಅದು ಈ ಮನೆ ಬಿಟ್ಟಿರ್ಬೇಕು, ನೀನು ನೋಡ್ಕೋ" ಅಂದಿದ್ದೆ. ನಾನು ನೋಡಿಕೊಳ್ಳುತ್ತಲೇ ಇದ್ದೇನೆ, ಪ್ರಾಮಿಸ್. ಆ ದಿನ ಸಿಗ್ನಲ್‌ನಲ್ಲಿ ಅಪ್ಪನ ಕಣ್ಣು ಕತ್ತಲೆಗಟ್ಟಿ ಕಾರು ತಾನಾಗಿಯೇ ಉರುಳಿ ಅಂಗಡಿಯ ಶಟರಿಗೆ ಗುದ್ದಿದಾಗ ಪಕ್ಕದ ಸೀಟಿನಲ್ಲಿ ಕೂತಿದ್ದವಳು ನೀನು. ನಾನಲ್ಲ. ಇನ್ನು ಸ್ಟೀರಿಂಗ್ ಮುಟ್ಟಕೂಡದು ಅಂತ ಡಾಕ್ಟರ್ ಹೇಳಿದಾಗ ಅಪ್ಪ ಕೂಡಲೇ ಹೂಂ ಅಂತ ತಲೆಯಾಡಿಸಿದರು ಅಂತ ನೀನೇ ಹೇಳಿದ್ದೆ. ಅವರು ಅಷ್ಟು ಸುಲಭವಾಗಿ ಒಪ್ಪಿದ್ದೇ ನಮಗೆ ವಿಚಿತ್ರ ಅನಿಸಬೇಕಿತ್ತೇನೋ.

ಕಾರು ಕೊಳ್ಳುವವರು ನಿನಗೆ ಗೊತ್ತಿರುವ ಅದೇ ಟೋಪಿಯವರು, ಹಳೆಯ ಕಾರುಗಳನ್ನು ಕೂಡಿಡುವ ಹುಚ್ಚಿನವರು. ಒಳ್ಳೆಯ ಮನುಷ್ಯ. "ಟೋಪಿ ಹಾಕ್ಕೊಂಡೋರಾದ್ರೆ ಪರವಾಗಿಲ್ಲ, ನಮಗೆ ಹಾಕೋರಾಗದಿದ್ರೆ ಸಾಕು" ಅಂತ ಅಪ್ಪ ಅವರ ಎದುರಿಗೇ ಅಂದರು, ಅವರೂ ನಕ್ಕರು. ಇಂಜಿನ್ ಮಾತ್ರ ಹೊಸದರ ಹಾಗೆ ಬಣ್ಣ ಆಗಿರಬೇಕು, ಅದೇ ಹಳೆಯ ಹಸಿರು ಬಣ್ಣ, ಅನ್ನುವುದೊಂದೇ ಅವರ ಕಂಡೀಷನ್. ತಮ್ಮ ಕೆಲಸಗಾರರಿಂದಲೇ ಮಾಡಿಸುತ್ತೇನೆ ಅಂದರು. ಅಪ್ಪ ಕೇಳಲಿಲ್ಲ. "ನಾನು ಕೊಡೋ ವಸ್ತುನ ನಾನೇ ತೊಳೆದು ಕೊಡ್ತೀನಿ" ಅಂದುಬಿಟ್ಟರು.

ಹೀಗಾಗಿ ಗ್ಯಾರೇಜಿನ ಗೊಣಗು ಮೇಸ್ತ್ರಿ ಬಂದು, ಬಾಯ್ತುಂಬ ಗೊಣಗುತ್ತಲೇ, ಚೈನು ಕಟ್ಟಿ ಇಂಜಿನ್ ಇಳಿಸಿಕೊಟ್ಟರು. ಈಗ ಅದು ಊಟದ ಕೋಣೆಯಲ್ಲಿದೆ. ಹೌದು ಅಮ್ಮಾ, ನಮ್ಮ ಊಟದ ಕೋಣೆಯಲ್ಲಿ. ಶೆಡ್ಡಿನಲ್ಲಿ ಧೂಳು ಕೂರುತ್ತದೆ ಅಂತ ಅಪ್ಪನ ವಾದ. ಮೇಜು ಹಜಾರಕ್ಕೆ ಹೋಗಿದೆ, ನೆಲದ ಮೇಲೆ ದಪ್ಪ ರಟ್ಟು ಹಾಸಿದ್ದೇವೆ, ಪರದೆ ತೆಗೆದು ಒಳಗಿಟ್ಟಿದ್ದೇನೆ, ಗಾಬರಿ ಬೇಡ. ಪಕ್ಕದ ಮನೆಯ ಅತ್ತೆ ಸಕ್ಕರೆ ಕೇಳಲು ಬಂದವರು ಬಾಗಿಲಲ್ಲೇ ನಿಂತು, "ಏನ್ರೀ, ನಿಮ್ಮನೇಲಿ ಯಜಮಾನ್ತಿ ಒಂದ್ ಹೆಜ್ಜೆ ಆಚೆ ಇಟ್ರೆ ಗ್ಯಾರೇಜೇ ಒಳಗೆ ಬರುತ್ತಲ್ಲ" ಅಂದರು. ಸಕ್ಕರೆ ಮರೆತು ಹೋದರು.

ಕೆಲಸ ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತು. ಎಣ್ಣೆಯ ಜಿಡ್ಡು ಒಂದು ಚೂರು ಉಳಿದರೂ ಬಣ್ಣ ಕಚ್ಚುವುದಿಲ್ಲ ಅಂತ ಮೊದಲು ತಂತಿ ಬ್ರಷ್ಷಿನಲ್ಲಿ ಉಜ್ಜಿದೆವು, ಆಮೇಲೆ ಜಿಡ್ಡು ತೆಗೆಯುವ ದ್ರಾವಣದಲ್ಲಿ ತೊಳೆದೆವು. ಎಲ್ಲ ತೂತುಗಳಿಗೂ ಕಾಗದ ತುರುಕಿ ಟೇಪು ಸುತ್ತಿದೆವು. ಪ್ರೈಮರ್ ಹಚ್ಚಿದೆವು. ಅದರ ಮೇಲೆ ಹಸಿರು, ತೆಳ್ಳಗೆ, ಒಂದು ಪದರ ಆರುವ ಮೊದಲೇ ಇನ್ನೊಂದು. ಡಬ್ಬಿಯ ಮೇಲಿನ ಇಂಗ್ಲಿಷನ್ನು ನಾನು ಓದಿ ಹೇಳುವುದು, ಅಪ್ಪ ಹಚ್ಚುವುದು. ಇಷ್ಟು ಹೊತ್ತು ಅಪ್ಪನ ಜೊತೆ ಒಂದೇ ಕೋಣೆಯಲ್ಲಿ ನಾನು ಯಾವತ್ತೂ ಇದ್ದಿರಲಿಲ್ಲ ಅಂತ ಆವಾಗಲೇ ಹೊಳೆದದ್ದು. ಹಾಸ್ಟೆಲ್‌ನಿಂದ ರಜಕ್ಕೆ ಬಂದಾಗಲೆಲ್ಲ ಅವರು ಇದೇ ಕಾರನ್ನು ಟ್ಯಾಕ್ಸಿಯಾಗಿ ಓಡಿಸುತ್ತ ಆಚೆಯೇ ಇರುತ್ತಿದ್ದರು, ನಾನು ವಾಪಸ್ ಹೋಗುವ ದಿನ ಅದೇ ಟ್ಯಾಕ್ಸಿಯಲ್ಲಿ ಬಿಟ್ಟುಬರುತ್ತಿದ್ದರು. ಬೇಸಿಕಲಿ ನನಗೆ ಪರಿಚಯ ಇರುವುದು ಅವರ ಬೆನ್ನಿನದು ಮತ್ತು ಕನ್ನಡಿಯಲ್ಲಿ ಕಾಣುವ ಎರಡು ಕಣ್ಣಿನದು.

ತಕರಾರು ಶುರುವಾದದ್ದು ಅಲ್ಲಿಂದ ಮುಂದೆ. ಇಂಜಿನ್ ಬಣ್ಣ ಮುಟ್ಟಿದರೆ ಅಂಟದಿದ್ದರೆ ಸಾಲದಂತೆ, ಒಳಗಿನವರೆಗೂ ಗಟ್ಟಿಯಾಗಬೇಕಂತೆ. "ಒಣಗೋದೇ ಬೇರೆ, ಬೇಯೋದೇ ಬೇರೆ ಕಣೇ ಪುಟ್ಟಿ" ಅಂತ ಅಪ್ಪ. ಗಟ್ಟಿಯಾಗುವ ಮೊದಲೇ ಕಾರಿನಲ್ಲಿ ಕೂರಿಸಿ ಬಿಸಿ ಮಾಡಿದರೆ ಬಣ್ಣ ಸುಕ್ಕುಗಟ್ಟುತ್ತದೆ, ಪೆಟ್ರೋಲ್ ಹನಿ ಬಿದ್ದರೆ ಸಿಪ್ಪೆ ಏಳುತ್ತದೆ. ಸುಮ್ಮನೆ ಬಿಟ್ಟರೆ ಒಂದು ವಾರದಲ್ಲಿ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದೆ. ವಾರ ಕಳೆಯಿತು. ಹಿಂಭಾಗದಲ್ಲಿ, ಯಾರಿಗೂ ಕಾಣದ ಕಡೆ, ಉಗುರು ಒತ್ತಿ ನೋಡಿದೆ. ಬೆಣ್ಣೆಗೆ ಒತ್ತಿದ ಹಾಗೆ ಇಳಿಯಿತು. ಇನ್ನಷ್ಟು ದಿನ ಕಾದೆ. ಮತ್ತೆ ಬೆಣ್ಣೆ.

ನನಗೆ ತಲೆ ಚಿಟ್ಟು ಹಿಡಿಯಿತು. ನಾನೇ ಎಲ್ಲೋ ತಪ್ಪು ಓದಿ ಹೇಳಿದ್ದೇನೆ ಅಂತ ಡಬ್ಬಿಯನ್ನು ಪರೀಕ್ಷೆಗೆ ಓದುವ ಹಾಗೆ ಓದಿದೆ. ಪ್ರೈಮರಿಗೂ ಬಣ್ಣಕ್ಕೂ ಆಗುವುದಿಲ್ಲವೇ? ತೊಳೆದ ನೀರು ಎಲ್ಲಾದರೂ ಉಳಿದಿತ್ತೇ? ಬಣ್ಣದ ಅಂಗಡಿಯವರನ್ನು ಕೇಳಿದರೆ, ಹವೆ ತಂಪಾಗಿದೆ, ಬಲ್ಬ್ ಇಡಿ ಅಂದರು. ಇನ್ನೊಂದು ಸಲ ಹೋದಾಗ ಸೆಖೆ ಜಾಸ್ತಿ, ಬಲ್ಬ್ ತೆಗೀರಿ ಅಂದರು. ಅಕ್ಕ ಬಿಟ್ಟುಹೋದ ಕೂದಲು ಒಣಗಿಸುವ ಮೆಷಿನ್ ತಂದು ಇಂಜಿನ್ನಿಗೆ ಹಿಡಿದು ಕೂತೆ, ಅಕ್ಕನಿಗೆ ಹೇಳಬೇಡ. ಎಷ್ಟು ಬಿಸಿಯಾಯಿತು ಅಂತ ತಿಳಿಯಲು ಜ್ವರ ನೋಡುವ ಕಡ್ಡಿಯನ್ನು ಟೇಪಿನಿಂದ ಅಂಟಿಸಿದೆ. ಗೊಣಗು ಮೇಸ್ತ್ರಿ ಅದನ್ನು ನೋಡಿ, "ಕಾಲೇಜ್ ಸೇರಿದ್ದು ಒಳ್ಳೇದಾಯ್ತಮ್ಮ, ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ?" ಅಂದರು. ಎಲ್ಲಕ್ಕಿಂತ ಮೇಲೆ, "ನೀನು ಕೆಮಿಸ್ಟ್ರಿ ಓದ್ತೀಯಲ್ಲ, ನೀನೇ ಹೇಳು ಯಾಕೆ ಒಣಗ್ತಿಲ್ಲ" ಅಂತ ಅಪ್ಪನದೇ ಪ್ರಶ್ನೆ! ಮೊದಲ ವರ್ಷ ಅಮ್ಮಾ, ನಮಗಿನ್ನೂ ಉಪ್ಪು ಕಂಡುಹಿಡಿಯುವುದನ್ನೇ ಕಲಿಸಿಲ್ಲ. ಹೋಗಲಿ ಕಾರನ್ನು ಯಾವಾಗ ಕಳಿಸುವುದು ಅಂತ ಕೇಳಿದರೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಬಣ್ಣ ಹೇಳ್ಬೇಕು" ಅನ್ನುತ್ತಾರೆ. ಟೋಪಿಯವರು ಫೋನ್ ಮಾಡಿದಾಗಲೂ ಅದೇ ಉತ್ತರ.

ಹೋದ ಸೋಮವಾರ ಮಧ್ಯಾಹ್ನ ಮತ್ತೆ ಬಣ್ಣದ ಅಂಗಡಿಗೆ ಹೊರಟೆ. ಅರ್ಧ ದಾರಿಯಲ್ಲಿ ನೋಡಿದರೆ ತೋರಿಸಬೇಕಿದ್ದ ಖಾಲಿ ಡಬ್ಬಿಯನ್ನೇ ಬಿಟ್ಟು ಬಂದಿದ್ದೆ. ತಿರುಗಿ ಬಂದೆ. ಹಿತ್ತಲ ಕಡೆಯಿಂದ ಬಂದವಳಿಗೆ ಅಡುಗೆಮನೆ ಕಿಟಕಿಯಿಂದ ಊಟದ ಕೋಣೆ ಕಂಡಿತು. ಅಪ್ಪ ಮಣೆಯ ಮೇಲೆ ಕೂತಿದ್ದಾರೆ. ಮೂಗಿನ ತುದಿಗೆ ಕನ್ನಡಕ. ಕೈಯಲ್ಲಿ ಬ್ರಷ್. ನನಗೆ ಗೊತ್ತೇ ಇರದ ಇನ್ನೊಂದು ಡಬ್ಬಿ, ಅರ್ಧ ಖಾಲಿ. ನಾನು ಉಗುರು ಒತ್ತಿದ ಗುರುತನ್ನು ನಿಧಾನವಾಗಿ, ನೀನು ಪಾಪುವಿಗೆ ಎಣ್ಣೆ ಹಚ್ಚುತ್ತೀಯಲ್ಲ, ಅಷ್ಟು ನಿಧಾನವಾಗಿ ಮುಚ್ಚುತ್ತಿದ್ದಾರೆ. ಅರೆಗಟ್ಟಿ ಬಣ್ಣದ ಮೇಲೆ ಹೊಸ ಬಣ್ಣ ಬಿದ್ದರೆ ಕೆಳಗಿನದೂ ಮೆತ್ತಗಾಗುತ್ತದೆ, ಅದನ್ನು ನನಗೆ ಹೇಳಿಕೊಟ್ಟವರೇ ಅವರು. ನಾನು ಮನೆಯಿಂದ ಆಚೆ ಹೋದಾಗಲೆಲ್ಲ ಇದೇ ನಡೆದಿದೆ!

ನಾನು ಒಳಗೆ ಹೋಗಲಿಲ್ಲ. ಗೇಟಿಗೆ ಹೋಗಿ, ಅದನ್ನು ಜೋರಾಗಿ ಸದ್ದು ಮಾಡಿ ತೆಗೆದು, ಕೆಮ್ಮಿಕೊಂಡು ಬಂದೆ. ಒಳಗೆ ಬರುವಷ್ಟರಲ್ಲಿ ಅಪ್ಪ ಪೇಪರ್ ಓದುತ್ತಿದ್ದರು. "ಏನಂದ ಅಂಗಡಿಯವ್ನು?" ಅಂದರು. "ತಾಳ್ಮೆ ಬೇಕಂತೆ" ಅಂದೆ. "ಸರಿಯಾಗೇ ಹೇಳಿದಾನೆ" ಅಂದರು. ಪೇಪರ್ ಹಿಡಿದ ಬೆರಳಿನ ಸಂದಿಯಲ್ಲಿ ಹಸಿರಿತ್ತು. ಅಂದಿನಿಂದ ನಾನು ಮನೆ ಬಿಟ್ಟು ಕದಲಿಲ್ಲ, ಅವರು ಬ್ರಷ್ ಮುಟ್ಟಲೂ ಇಲ್ಲ. ಇಂಜಿನ್ ಎದುರು ಕೂತು ಸುಮ್ಮನೆ ನೋಡುತ್ತಾರೆ. ಹೀಗೇ ಬಿಟ್ಟರೆ ಕೆಲವೇ ದಿನದಲ್ಲಿ ಬಣ್ಣ ಬೆಂದೇ ಬೇಯುತ್ತದೆ, ಕಾರು ಹೊರಡುತ್ತದೆ. ನಿನಗೆ ಬೇಕಾದದ್ದೂ ಅದೇ, ನನಗೆ ಬೇಕಾದದ್ದೂ ಅದೇ, ಡಾಕ್ಟರ್ ಹೇಳಿದ್ದೂ ಅದೇ. ಮತ್ತೆ ನನಗೇಕೆ ಯಾರದೋ ತಟ್ಟೆ ಕಿತ್ತುಕೊಂಡ ಹಾಗೆ ಅನಿಸುತ್ತಿದೆ? ನಿಜವಾಗಿ ಗೊತ್ತಾಗುತ್ತಿಲ್ಲ ಅಮ್ಮಾ. ಅವರು ಕಾರು ಓಡಿಸಬೇಕು ಅಂತ ಕೇಳುತ್ತಿಲ್ಲ, ಕೀಲಿಯನ್ನು ತಾವೇ ನನ್ನ ಕೈಗೆ ಕೊಟ್ಟಿದ್ದಾರೆ. ಹಾಗಾದರೆ ಏನು ಕೇಳುತ್ತಿದ್ದಾರೆ? ನಿನಗೆ ಅರ್ಥವಾದರೆ ಬರೆ. ನಾನು ಅವರ ಜೊತೆ ಮಾತಾಡಬೇಕೇ? ಯಾವ ಮಾತಿನಿಂದ ಶುರು ಮಾಡುವುದು?

ಅಕ್ಕ ಭಾವನಿಗೆ ನನ್ನ ನಮಸ್ಕಾರ ಹೇಳು, ಪಾಪುವಿನ ಅಂಗಾಲಿಗೆ ನನ್ನ ಕಡೆಯಿಂದ ಒಂದು ಮುತ್ತು. ಮಂಡಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಗಲಿಬಿಲಿ ಮಗಳು,
ಪುಟ್ಟಿ

ಅದೇ ದಿನ ರಾತ್ರಿ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ. ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಟೋಪಿಯವರು ಫೋನ್ ಮಾಡಿದರು, ಸಂಜೆ ಮೇಸ್ತ್ರಿಯನ್ನು ಕರೆದುಕೊಂಡು ಬರುತ್ತೇನೆ, ಬಣ್ಣ ಆಗಿದ್ದರೆ ನಾಳೆಯೇ ಸಾಗಿಸೋಣ ಅಂದರು. ಹೋಗಿ ಉಗುರು ಒತ್ತಿದೆ. ಇಳಿಯಲಿಲ್ಲ. ಎಷ್ಟು ಒತ್ತಿದರೂ ಇಳಿಯಲಿಲ್ಲ. ಆಮೇಲೆ ಏನಾಯಿತೋ, ಪೇಪರ್ ರಾಶಿಯ ಹಿಂದಿದ್ದ ಆ ಡಬ್ಬಿ ನನ್ನ ಕೈಯಲ್ಲಿತ್ತು, ಬ್ರಷ್ಷೂ ಇತ್ತು. ಅರ್ಧ ಇಂಜಿನ್ ಹಚ್ಚಿದ್ದೆ. ತಿರುಗಿ ನೋಡಿದರೆ ಅಪ್ಪ ಟವಲ್ ಹೊದ್ದು ಬಾಗಿಲಲ್ಲಿ ನಿಂತಿದ್ದಾರೆ. ಎಷ್ಟು ಹೊತ್ತಿನಿಂದಲೋ! ಬಯ್ಯಲಿಲ್ಲ, ನಗಲಿಲ್ಲ. "ದಪ್ಪ ಆಯ್ತಲ್ಲೇ, ಇಳೀತಾ ಇದೆ ನೋಡು" ಅಂತ ನನ್ನ ಕೈಯಿಂದ ಬ್ರಷ್ ತೆಗೆದುಕೊಂಡು ಇಳಿದ ಬಣ್ಣವನ್ನು ಸವರಿದರು. ಉಳಿದರ್ಧ ಇಬ್ಬರೂ ಸೇರಿ ಮುಗಿಸಿದೆವು. ಟೋಪಿಯವರು ಬಂದು ಮುಟ್ಟಿ, ಬೆರಳು ಹಸಿರು ಮಾಡಿಕೊಂಡು ಹೋದರು. ನನ್ನ ಮೇಲೆ ಕೋಪ ಬಂದರೆ ಬರಲಿ. ಆದರೆ ನೀನು ಬರುವ ದಿನವನ್ನು ಒಂದು ವಾರ ಮೊದಲೇ ತಿಳಿಸು ಅಮ್ಮಾ, ಬಣ್ಣ ಬೇಯಲು ಅಷ್ಟು ಬೇಕು.