ಫ್ಲೆಕ್ಸಿನಲ್ಲಿ ಉಳಿದ ನಾಲ್ಕು ಬೆರಳು

ಶಿವಾಜಿನಗರ
24 ಜನವರಿ 2026, ಶನಿವಾರ

ಪ್ರೇಮ್,

ದೊಡ್ಡನೆಕ್ಕುಂದಿ ಸರ್ಕಲ್ಲಿನ ಕಂಬಕ್ಕೆ ಫ್ಲೆಕ್ಸಾಗಿ ಕಟ್ಟಿಸಿಕೊಂಡು, ಕಪ್ಪು ಕನ್ನಡಕ ಹಾಕಿ ನಿಂತಿರುವ ಯುವನಾಯಕನಿಗೆ ಈ ಪತ್ರವಲ್ಲ. ಅವನ ಪರಿಚಯ ನನಗಿಲ್ಲ. ವಿಯೆಟ್ನಾಮಿನ ಬೆಟ್ಟದ ರಸ್ತೆಯಲ್ಲಿ ನನ್ನ ಜಾಕೆಟ್ಟಿನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೈಕಿನ ಹಿಂದಿನ ಸೀಟಿನಲ್ಲಿ ಕೂತಿದ್ದನಲ್ಲ, ಅವನಿಗೆ ಬರೆಯುತ್ತಿದ್ದೇನೆ. ಅವನಿನ್ನೂ ಬದುಕಿದ್ದರೆ ಕೊನೆಯವರೆಗೂ ಓದಲಿ.

ನಾನು ಗೆಳತಿ ಬುಷ್ರಾಳ ಮನೆಯಲ್ಲಿದ್ದೇನೆ. ಕೆಳಗೆ ಅವಳಪ್ಪ ಚಾಂದ್ ಪಾಷಾ ಅವರ ಪ್ರಿಂಟಿಂಗ್ ಪ್ರೆಸ್, ಮೇಲೆ ನಾವು. ಮೆಷಿನ್ ಓಡುವಾಗ ಟೀ ಲೋಟವೂ ನಡುಗುತ್ತದೆ. ಊಟ, ನಿದ್ದೆ ಚೆನ್ನಾಗಿದೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ; ನಿನ್ನನ್ನು ಆಳೆತ್ತರದ ಅಕ್ಷರಗಳ ಪಕ್ಕದಲ್ಲಿ ನೋಡಿಯೇ ಬಂದವಳು. ನೀನು ಕಳಿಸಿದ ವಾಯ್ಸ್ ಮೆಸೇಜುಗಳನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ಸೋಮವಾರ ಬೆಳಿಗ್ಗೆ ನಾನೂ ಅತ್ತೆಯೂ ಸೊಪ್ಪು ತರಲು ಹೋದಾಗ ಆ ಫ್ಲೆಕ್ಸನ್ನು ಮೊದಲು ಕಂಡವರು ಅತ್ತೆ. "ನೋಡೇ ಸುಕನ್ಯಾ, ನಮ್ ಪ್ರೇಮ!" ಎಂದು ಸಂಭ್ರಮದಿಂದ ನನ್ನ ತೋಳು ಹಿಂಡಿದರು. ಅವರಿಗೆ ಓದು ಬರುವುದಿಲ್ಲವಾದ್ದರಿಂದ ನಾನೇ ಓದಿದೆ: 'ಒಬ್ಬಂಟಿಯಾಗಿ ಬೈಕಿನಲ್ಲಿ ವಿಯೆಟ್ನಾಂ ಪರ್ವತಗಳನ್ನು ಗೆದ್ದು ಬಂದ ಸಾಹಸಿ, ನಮ್ಮ ವಾರ್ಡಿನ ಭರವಸೆ ಪ್ರೇಮ್‌ಕುಮಾರಣ್ಣನವರಿಗೆ ಹಾರ್ದಿಕ ಸ್ವಾಗತ.' ಓದಿ ಮುಗಿಸಿದ ಮೇಲೂ ನನ್ನ ಕಣ್ಣು ಒಬ್ಬಂಟಿಯಾಗಿ ಎಂಬಲ್ಲೇ ನಿಂತಿತ್ತು. ಅತ್ತೆ ಫೋಟೋ ನೋಡುತ್ತಿದ್ದರು. "ಇದ್ಯಾರ್ದಮ್ಮಾ ಕೈ? ಹೆಗಲ್ ಮ್ಯಾಲೆ ಹಲ್ಲಿ ಹತ್ತಿದಂಗೈತೆ!" ಎಂದರು. ಆಮೇಲೆ ಬೆರಳಿನ ಉಂಗುರ ಕಾಣಿಸಿತು. ಅದು ಅವರೇ ನನಗೆ ಹಾಕಿದ ಉಂಗುರ. ಅವರು ಸೊಪ್ಪಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಮನೆಯ ಕಡೆ ಹೆಜ್ಜೆ ಹಾಕಿದರು.

ಕಣಿವೆಯ ತುದಿಯಲ್ಲಿ ನಾವಿಬ್ಬರೂ ತೆಗೆಸಿಕೊಂಡ ಫೋಟೋ ಅದು. ನಿನ್ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ ನನ್ನನ್ನು ಕತ್ತರಿಸಿದ್ದೀಯ. ನಾಲ್ಕು ಬೆರಳು ಮಾತ್ರ ಕತ್ತರಿಗೆ ಸಿಗಲಿಲ್ಲ. ನಾವು ಮೊದಲು ಭೇಟಿಯಾದದ್ದು ಕೆರೆಯ ಬೇಲಿಗೆ ಕಟ್ಟಿದ್ದ ಫ್ಲೆಕ್ಸುಗಳನ್ನು ಬಿಚ್ಚುವಾಗ. ನಮ್ಮ ಮದುವೆಗೆ ಒಂದೇ ಒಂದು ಫ್ಲೆಕ್ಸ್ ಇರಬಾರದೆಂದು ನಿಮ್ಮ ಚಿಕ್ಕಪ್ಪನ ಎದುರು ಹಟ ಹಿಡಿದವನು ನೀನು. ಮದುವೆ ಎಂದರೆ ಇಬ್ಬರೇ ಸದಸ್ಯರಿರುವ ಸಹಕಾರ ಸಂಘ ಎಂದು ನಾನು ಎಲ್ಲೋ ಕರಪತ್ರವೊಂದರಲ್ಲಿ ಓದಿದ್ದನ್ನು ಹೇಳಿದಾಗ, "ಅಧ್ಯಕ್ಷೆ ನೀನೇ ಆಗ್ಬಿಡು, ನಂಗ್ ಟೀ ಕೊಟ್ರೆ ಸಾಕು" ಅಂದಿದ್ದೆ. ಈಗ ಸಂಘದಿಂದ ನನ್ನನ್ನೇ ಉಚ್ಚಾಟಿಸಿದ್ದೀಯ, ಸಭೆಯನ್ನೂ ಕರೆಯದೆ.

ಮನೆಗೆ ಬಂದು ಕೇಳಿದೆನಲ್ಲ. ನೀನು ಫೋನ್ ನೋಡುತ್ತಾ ಕೂತಿದ್ದೆ. ಉತ್ತರ ಕೊಟ್ಟವರು ನಿಮ್ಮ ಚಿಕ್ಕಪ್ಪ ಮುನಿಆಂಜನಪ್ಪ. "ನೋಡಮ್ಮಾ, ಓದ್ದೋಳು ನೀನು, ನಿಂಗ್ ನಾನ್ ಹೇಳ್ಕೊಡ್ಬೇಕಾ? ಎಲೆಕ್ಷನ್ ಹತ್ರ ಬಂತು. ಹೆಂಡ್ತಿ ಗಾಡಿ ಓಡಿಸಿದ್ಲು, ಗಂಡ ಹಿಂದ್ ಕೂತಿದ್ದ ಅಂದ್ರೆ, ನಾಳೆ ವಾರ್ಡ್‌ನೂ ಅವ್ಳೇ ಓಡಿಸ್ತಾಳೆ ಅಂತಾರೆ ಜನ."

"ಓಡಿಸ್ತೀನಿ ಮಾವ, ಅದಕ್ಕೇನಂತೆ," ಎಂದೆ.

ಅವರು ನಕ್ಕರು. ನೀನೂ ನಕ್ಕೆ. ಆ ನಗುವನ್ನು ನಾನು ಮರೆಯುವುದಿಲ್ಲ. ಆಮೇಲೆ ಹೇಳಿದೆ: "ಒಂದ್ ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ ಸುಕನ್ಯಾ. ಗೆದ್ದ ಮೇಲೆ ಎಲ್ಲರ್ಗೂ ನಾನೇ ಹೇಳ್ತೀನಿ."

ಗೆದ್ದವರು ಚರಿತ್ರೆ ಬರೆಯುತ್ತಾರೆ ಎನ್ನುತ್ತಾರೆ. ಸುಳ್ಳು. ಹಿಂದಿನ ಸೀಟಿನಲ್ಲಿ ಕೂತವರು ಬರೆಯುತ್ತಾರೆ.

ಹಾಗಾದರೆ ನಡೆದದ್ದನ್ನು ನಾನೂ ಬರೆಯುತ್ತೇನೆ. ಹನೋಯ್ ವಿಮಾನ ನಿಲ್ದಾಣದಿಂದ ಶುರುಮಾಡೋಣ. ಅತ್ತೆ ನಿನ್ನ ಬೆನ್ನುಚೀಲದಲ್ಲಿ ರಾಗಿಹಿಟ್ಟಿನ ಕವರು ತುರುಕಿದ್ದರು, ಮಗ ಅಲ್ಲಿ ಹಾವು ಚೇಳು ತಿಂದು ಕೆಟ್ಟಾನೆಂಬ ಭಯಕ್ಕೆ. ಅಧಿಕಾರಿ ಕವರು ಎತ್ತಿ ಹಿಡಿದು ಏನಿದು ಎಂದ. ನೀನು ಎದೆಯುಬ್ಬಿಸಿ, "ಪೌಡರ್ ಸರ್, ವೆರಿ ಗುಡ್ ಪೌಡರ್!" ಎಂದೆ. ಮರುಕ್ಷಣ ನಮ್ಮ ಸುತ್ತ ಐದಾರು ಜನ ಸಮವಸ್ತ್ರದವರು. ನಾನು ಕವರು ಬಿಚ್ಚಿ ಒಂದು ಹಿಡಿ ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಂಡೆ. ಕೆಮ್ಮಿದಾಗ ಹಿಟ್ಟು ಮೂಗಿನಿಂದಲೂ ಬಂತು. ಆ ಅಧಿಕಾರಿ ನಕ್ಕು ನನಗೆ ನೀರಿನ ಬಾಟಲಿ ಕೊಟ್ಟು ಕಳಿಸಿದ. ಹೊರಗೆ ಬಂದ ಮೇಲೆ ನೀನು ನನ್ನ ಗದ್ದದ ಹಿಟ್ಟನ್ನು ಕರ್ಚೀಫಿನಿಂದ ಒರೆಸುತ್ತಾ ನಗುವುದನ್ನು ನಿಲ್ಲಿಸಲೇ ಇಲ್ಲ. ಪರದೇಶದಲ್ಲಿ ನನಗೆ ಸಿಕ್ಕ ಮೊದಲ ಸುಖ ಅದು. ಇರಲಿ, ಅದನ್ನೂ ಬರೆದಿಡುತ್ತೇನೆ.

ಬೆಟ್ಟದ ಊರಿನಲ್ಲಿ ಬೈಕ್ ಬಾಡಿಗೆಗೆ ತೆಗೆದುಕೊಂಡೆವು. ಮೊದಲು ನೀನೇ ಓಡಿಸಿದೆ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಲ್ಲಿ ಹರಡಿದ್ದ ತಿರುವಿನಲ್ಲಿ ಬೈಕ್ ಜಾರಿತು. ನಮಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆಚೆ ಕಡೆ ಬೇಲಿಯಿರಲಿಲ್ಲ, ಕೆಳಗೆ ನದಿ ದಾರದ ಹಾಗೆ ಕಾಣುತ್ತಿತ್ತು. ನೀನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಹೆಲ್ಮೆಟ್ ತೆಗೆಯದೆಯೇ ಅಳತೊಡಗಿದೆ. "ಆಗಲ್ಲ ಸುಕನ್ಯಾ, ನನ್ ಕೈಲಾಗಲ್ಲ. ವಾಪಸ್ ಹೋಗೋಣ." ನಾನು ನಿನ್ನನ್ನು ಹೀಯಾಳಿಸಿದೆನಾ? ಇಲ್ಲ. ಬೈಕ್ ಎತ್ತಿ, ಕನ್ನಡಿ ಸರಿಮಾಡಿ, ಹಿಂದೆ ಕೂರು ಎಂದೆ. ಗರುಡಾಚಾರ್‌ಪಾಳ್ಯದಿಂದ ರಿಂಗ್ ರೋಡಿನವರೆಗೆ ನೀರಿನ ಟ್ಯಾಂಕರುಗಳ ನಡುವೆ ದಿನಾ ಆಕ್ಟಿವಾ ನುಗ್ಗಿಸುವವಳಿಗೆ ಬೆಟ್ಟ ಹೆಚ್ಚಲ್ಲ. ಬೆಟ್ಟ ಕನಿಷ್ಠ ರಾಂಗ್ ಸೈಡಿನಲ್ಲಿ ಬರುವುದಿಲ್ಲ.

ಅಲ್ಲಿಂದ ಮುಂದಿನ ಪ್ರತಿ ಬೆಟ್ಟವನ್ನೂ ದಾಟಿಸಿದವಳು ನಾನು. ದೊಡ್ಡ ಚೀಲ ನಿನ್ನ ಬೆನ್ನಿಗೆ, ಚಿಕ್ಕದು ನನ್ನ ಎದೆಗೆ. ತಿರುವು ಬಂದಾಗಲೆಲ್ಲ ಹಿಂದಿನಿಂದ "ಮುನೇಶ್ವರಾ, ಮುನೇಶ್ವರಾ" ಎಂಬ ಸದ್ದು. ಎಲ್ಲಕ್ಕಿಂತ ಎತ್ತರದ ಕಣಿವೆದಾರಿಯಲ್ಲಿ ಮಂಜು ಕವಿದು ಎದುರಿನ ಲಾರಿಯೂ ಕಾಣದಾದಾಗ ನೀನು ನನ್ನ ಕಿವಿಯ ಹತ್ತಿರವೇ ಹರಕೆ ಹೊತ್ತೆ: "ಮುನೇಶ್ವರಸ್ವಾಮಿ, ನನ್ ಹೆಂಡ್ತಿ ಕೈ ನಡುಗದಂಗ್ ನೋಡ್ಕೊಳಪ್ಪ. ಇಳಿದ್ರೆ ಊರಲ್ಲಿ ಕುರಿಮರಿ ಹೊಡೀತೀನಿ." ಮಂಜಿನಿಂದ ಹೊರಬಂದ ಮೇಲೆ ಗಾಡಿ ನಿಲ್ಲಿಸಿದೆ. ಆಗ ನೀನು, "ನೀನ್ ಮುಂದೆ ಇದ್ರೆ ನಂಗ್ ಸಾಯೋ ಭಯನೂ ಇಲ್ಲ ಕಣೇ" ಎಂದೆ. ಧೂಳೆಂದು ನೆಪ ಹೇಳಿ ನಾನು ಕಣ್ಣು ಉಜ್ಜಿಕೊಂಡೆ. ಧೂಳಿರಲಿಲ್ಲ, ಪ್ರೇಮ್. ಆ ಫೋಟೋ ತೆಗೆಸಿಕೊಂಡದ್ದು ಅದಾದ ಮೇಲೆಯೇ.

ಆ ಸಂಜೆ ಉಳಿದುಕೊಂಡ ಮನೆಯಲ್ಲಿ ಅದೇ ರಾಗಿಹಿಟ್ಟಿನಿಂದ ಮುದ್ದೆ ಮಾಡಿದೆವು. ಮುದ್ದೆಕೋಲಿಗೆ ಬದಲು ಬಿದಿರು ತುಂಡು. ಪಾತ್ರೆಯನ್ನು ನೀನು ಕಾಲಲ್ಲಿ ಅದುಮಿ ಹಿಡಿದೆ, ನಾನು ತಿರುವಿದೆ. ಆ ಮನೆಯ ಅಜ್ಜಿ ಕೋಳಿಸಾರು ಕೊಟ್ಟಳು. ಅಲ್ಲೇ ಉಳಿದಿದ್ದ ಇಬ್ಬರು ಫ್ರೆಂಚ್ ಹುಡುಗರು ಮುದ್ದೆಯನ್ನು ಅಗಿದು ಅಗಿದು ಸುಸ್ತಾದಾಗ, ನೀನು ಗಂಟಲು ತೋರಿಸಿ, "ಅಗೀಬೇಡ ಗುರು, ನುಂಗು, ನುಂಗು!" ಎಂದು ಕನ್ನಡದಲ್ಲೇ ಪಾಠ ಮಾಡಿದೆ. ಅಜ್ಜಿ ಮಾತ್ರ ಹೇಳಿಕೊಡದೆಯೇ ನುಂಗಿದಳು. ನೀನು ಅವಳಿಗೆ ನನ್ನನ್ನು ತೋರಿಸಿ, ಬೈಕಿನ ಹಿಡಿಕೆ ತಿರುವುವ ಹಾಗೆ ಕೈ ಮಾಡಿ, ಎದೆ ತಟ್ಟಿಕೊಂಡೆ. ನನ್ನ ಹೆಂಡತಿ ಓಡಿಸಿದಳು ಎಂದು. ಭಾಷೆ ಬಾರದ ಊರಿನಲ್ಲಿ, ಗುರುತಿಲ್ಲದ ಮುದುಕಿಗೆ ನೀನು ಹೆಮ್ಮೆಯಿಂದ ಹೇಳಿದ ಮಾತದು. ನಿನ್ನ ಊರಿನಲ್ಲಿ, ನಿನ್ನ ಭಾಷೆಯಲ್ಲಿ ಅದನ್ನು ಹೇಳಲಾರೆ.

ಸೋಮವಾರ ಮಧ್ಯಾಹ್ನ ಬ್ಲೇಡು ಹಿಡಿದು ಫ್ಲೆಕ್ಸ್ ಹರಿಯಲು ಹೋಗಿದ್ದೆ. ಕಂಬದ ಕೆಳಗೆ ನಿಂತ ಮೇಲೆ ಅನ್ನಿಸಿತು: ಹರಿದರೆ ನಿನ್ನ ಮುಖ ಹೋಗುತ್ತದೆ, ಸುಳ್ಳು ಉಳಿಯುತ್ತದೆ. ಹಾಗಾಗಿ ಬ್ಲೇಡನ್ನು ಕಾಗದದಲ್ಲಿ ಸುತ್ತಿ, ಮನೆಯಿಂದ ಬಟ್ಟೆಯ ಚೀಲ ತೆಗೆದುಕೊಂಡು, ಬಸ್ಸು ಹತ್ತಿ ಇಲ್ಲಿಗೆ ಬಂದೆ. ಆಮೇಲೆ ಬುಷ್ರಾ ತನ್ನ ಫೋನಿನಲ್ಲಿ ನಿನ್ನ ಬಾಡೂಟದ ಆಹ್ವಾನ ತೋರಿಸಿದಳು. 'ಸಾಹಸ ಯಾತ್ರೆಯ ವಿಜಯದ ನೆನಪಿಗೆ, ಭಾನುವಾರ, ಮುನೇಶ್ವರಸ್ವಾಮಿ ಸನ್ನಿಧಿಯಲ್ಲಿ.' ಮಂಜಿನಲ್ಲಿ ಹೊತ್ತ ಹರಕೆ ಇಲ್ಲಿ ವಿಜಯೋತ್ಸವವಾಗಿದೆ. ಬುಷ್ರಾ ನನ್ನ ಮುಖ ನೋಡಿ, "ಅರೆ, ನಗ್ತಾ ಇದೀಯಲ್ಲೇ! ಭಯ ಆಗುತ್ತೆ ನಂಗೆ" ಎಂದಳು.

ನಗದೆ ಏನು ಮಾಡಲಿ? ನಿಮ್ಮ ಮನೆಯಲ್ಲಿ ಹರಕೆ ತೀರಿಸುವ ಪದ್ಧತಿಯನ್ನು ಅತ್ತೆಯೇ ನನಗೆ ಹೇಳಿಕೊಟ್ಟಿದ್ದಾರೆ. ಮರಿಗೆ ನೀರು ಚಿಮುಕಿಸುವ ಮೊದಲು ಹರಕೆ ಹೊತ್ತವನು ನೆಂಟರಿಷ್ಟರಿಗೆಲ್ಲ ಕೇಳುವಂತೆ ಬಾಯ್ಬಿಟ್ಟು ಹೇಳಬೇಕು: ಎಲ್ಲಿ ನಿಂತು, ಏನೆಂದು ಬೇಡಿಕೊಂಡೆ ಎಂದು. ನಿಜ ಹೇಳಿದರೆ ಮರಿ ಮೈ ಜಾಡಿಸುತ್ತದೆ, ದೇವರು ಒಪ್ಪಿದ ಎಂದರ್ಥ. ಸುಳ್ಳಾದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ನಿಮ್ಮ ತಾತ ದೊಡ್ಡಮುನಿಯಪ್ಪನವರು ಒಮ್ಮೆ ಅರ್ಧ ನಿಜ ಹೇಳಿ, ಅನ್ನ ಆರುವವರೆಗೂ ಕೊಡಗಟ್ಟಲೆ ನೀರು ಸುರಿಸಿದರೂ ಮರಿ ಕದಲಲಿಲ್ಲವಂತೆ. ಆ ಕಥೆ ಹೇಳುವಾಗ ಅತ್ತೆ ಇವತ್ತಿಗೂ ದನಿ ತಗ್ಗಿಸುತ್ತಾರೆ.

ಮರಿ ಮೈ ಜಾಡಿಸುವುದು ತಣ್ಣೀರಿಗೆ ಎಂದು ನನಗೆ ಗೊತ್ತು. ದೇವರಿಗೆ ಮರಿ ಕಡಿಯುವುದೇ ತಪ್ಪೆಂದು ನಿನ್ನೊಡನೆ ಎಷ್ಟು ಜಗಳವಾಡಿದ್ದೇನೆ! ನಾನು ಇದ್ಯಾವುದನ್ನೂ ನಂಬುವುದಿಲ್ಲ. ಆದರೆ ನೀನು ನಂಬುತ್ತೀಯ. ನನಗೆ ಅಷ್ಟು ಸಾಕು.

ನಾಳೆ ಮರಿಯ ಎದುರು ನಿಂತು ನೀನೇನು ಹೇಳುತ್ತೀಯೆಂಬುದರ ಮೇಲೆ ನಾನು ಮನೆಗೆ ಬರುವುದು ನಿಂತಿದೆ. 'ನನ್ನ ಹೆಂಡತಿ ಕೈ ನಡುಗದಿರಲಿ ಎಂದು ಬೇಡಿಕೊಂಡೆ, ನಾನು ಹಿಂದೆ ಕೂತಿದ್ದೆ' ಎಂದು ಮುನಿಆಂಜನಪ್ಪ ಮಾವನವರ ಮುಖ ನೋಡಿಕೊಂಡೇ ಹೇಳಬೇಕು. ಹೇಳಿದರೆ ಸಂಜೆ ನನ್ನ ಬಟ್ಟೆಯ ಚೀಲದೊಂದಿಗೆ ಬರುತ್ತೇನೆ. ಇಲ್ಲವಾದರೆ ಉಂಗುರವನ್ನು ಅತ್ತೆಗೆ ತಲುಪಿಸುತ್ತೇನೆ, ನಿನಗಲ್ಲ. ಕ್ಷಮೆ ಬೇಡ, ಹೂವು ಬೇಡ. ಗೆದ್ದ ಮೇಲೆ ಹೇಳುವ ನಿಜ ಯಾರಿಗೆ ಬೇಕು? ಸೋಲಬಹುದಾದಾಗ ಹೇಳು.

ಮಂಜಿನಲ್ಲಿ ನನ್ನ ಕೈ ನಡುಗಿತ್ತು, ಪ್ರೇಮ್. ನಿನಗೆ ಗೊತ್ತಾಗದಿರಲೆಂದು ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದೆ. ನಾಳೆ ನಿನ್ನ ದನಿ ನಡುಗಲಿ. ಎಲ್ಲರಿಗೂ ಗೊತ್ತಾಗಲಿ.

ಶುಂಠಿ ಕಷಾಯ ಕುಡಿ. ಮೂರನೆಯ ಮೆಸೇಜಿನಲ್ಲಿ ತುಂಬಾ ಕೆಮ್ಮುತ್ತಿದ್ದೆ.

ಮುಂದಿನ ಸೀಟಿನಿಂದ,
ಸುಕನ್ಯ

ಮ.ವಿ.: ನನ್ನ ಕೈಬರಹ ಕಾಣಲಿಲ್ಲವಲ್ಲ ಎಂದು ಯೋಚಿಸುತ್ತಿದ್ದೀಯಾ? ಚಾಂದ್ ಪಾಷಾ ಚಾಚಾ ಅಚ್ಚು ಮಾಡಿಕೊಟ್ಟರು. ಹಿಂಬದಿಯಲ್ಲಿ ಫೋಟೋ ಇದೆ, ಇಬ್ಬರದೂ, ಪೂರ್ತಿ. ಭಾನುವಾರ ಬೆಳಿಗ್ಗೆ ವಾರ್ಡಿನ ಪೇಪರುಗಳ ಮಡಿಕೆಯೊಳಗೆಲ್ಲ ಈ ಹಾಳೆ ಇರುತ್ತದೆ. ನೀನು ಓದುತ್ತಿರುವುದೂ ಅಂಥದ್ದೇ ಒಂದು. ನೀನು ಹೇಳುವವರೆಗೆ ಕಾಯುವಷ್ಟು ನಂಬಿಕೆ ಉಳಿದಿರಲಿಲ್ಲ. ನಾನು ಕಣ್ಣು ಉಜ್ಜಿಕೊಂಡದ್ದು, ನಿನ್ನ ಕೆಮ್ಮು ಕೇಳಿದ್ದು, ಇವನ್ನಾದರೂ ತೆಗೆದುಬಿಡೇ ಎಂದು ಬುಷ್ರಾ ಬೇಡಿಕೊಂಡಳು. ನಾನು ಏನನ್ನೂ ಕತ್ತರಿಸಲಿಲ್ಲ. ಅತ್ತೆ ಫೋಟೋ ನೋಡಿ ಇದರಲ್ಲಿ ಏನು ಬರೆದಿದೆ ಎಂದು ಕೇಳುತ್ತಾರೆ. ನೀನೇ ಓದಿ ಹೇಳು.